ಚಿತ್ರಕಾರನ ಮನೆಯ ಲೇತು

ಮೊಸರನ್ನು ಕಡೆಯುವುದು, ಕಂಬವನ್ನು ಕಡೆಯುವುದು, ಈ ಎರಡಕ್ಕೂ ಕನ್ನಡದಲ್ಲಿ ಒಂದೇ ಮಾತು. ಇದು ಆಕಸ್ಮಿಕವೋ ಅಲ್ಲವೋ ಎಂಬುದನ್ನು ಭಾಷಾಶಾಸ್ತ್ರಜ್ಞರು ಹೇಳಬೇಕು; ಕೆಲಸದ ರೀತಿಯಂತೂ ಒಂದೇ. ಕಡೆಗೋಲಿಗೆ ಹಗ್ಗವನ್ನು ಸುತ್ತಿ, ಅದರ ಎರಡು ತುದಿಗಳನ್ನು ಒಂದಾದ ಮೇಲೊಂದರಂತೆ ಎಳೆಯುತ್ತಿದ್ದರೆ ಕೋಲು ಒಮ್ಮೆ ಬಲಕ್ಕೂ ಒಮ್ಮೆ ಎಡಕ್ಕೂ ತಿರುಗುವುದು. ಆ ಕೋಲನ್ನು ಎರಡು ಮೊನೆಗಳ ನಡುವೆ ಅಡ್ಡಲಾಗಿ ನಿಲ್ಲಿಸಿ, ಅದು ತಿರುಗುತ್ತಿರುವಾಗ ಉಳಿಯನ್ನು ತಗುಲಿಸಿದರೆ ಅದೇ ಲೇತು. ಈಜಿಪ್ಟ್ ದೇಶದಲ್ಲಿ ಕ್ರಿಸ್ತಪೂರ್ವ ೩೦೦ರ ಸುಮಾರಿನ ಪೆಟೋಸಿರಿಸ್ ಎಂಬುವನ ಸಮಾಧಿಯ ಗೋಡೆಯ ಮೇಲೆ ಈ ದೃಶ್ಯವನ್ನು ಕೆತ್ತಿರುವರು; ಒಬ್ಬನು ಹಗ್ಗವನ್ನೆಳೆಯುತ್ತಾನೆ, ಇನ್ನೊಬ್ಬನು ಉಳಿಯನ್ನು ಹಿಡಿದಿದ್ದಾನೆ. ಬೇಲೂರು ಹಳೇಬೀಡುಗಳಿಗೆ ಹೋಗಿಬಂದವರಿಗೆ, ಕನ್ನಡಿಯಂತೆ ಹೊಳೆಯುವ ಬಳಪದ ಕಲ್ಲಿನ ಕಂಬಗಳನ್ನೂ ಅವುಗಳ ಮೈಮೇಲಿನ ಬಳೆಯಂಥ ಗೆರೆಗಳನ್ನೂ ನೆನಪಿಸಬೇಕಾಗಿಲ್ಲ. ಹೊಯ್ಸಳರ ಶಿಲ್ಪಿಗಳು ಅವನ್ನು ತಿರುಗಿಸಿ ಕಡೆದರೆಂಬುದು ವಿದ್ವಾಂಸರ ಅಭಿಪ್ರಾಯ.

ಹಗ್ಗದ ಲೇತಿಗೆ ಒಂದು ಕುಂದುಂಟು. ಹಿಂದಕ್ಕೆ ತಿರುಗುವಾಗ ಉಳಿ ಕೊರೆಯಲಾರದು. ಅರ್ಧ ಶ್ರಮ ವ್ಯರ್ಥ. ಕಾಲುಮಣೆಯನ್ನು ತುಳಿದು, ಭಾರವಾದ ಚಕ್ರವೊಂದನ್ನು ಒಂದೇ ದಿಕ್ಕಿನಲ್ಲಿ ತಿರುಗಿಸುವ ಏರ್ಪಾಡು ಬಂದ ಮೇಲೆ ಈ ಕುಂದು ನೀಗಿತು. ಆಗ ಮರದೊಡನೆ ದಂತ, ಹಿತ್ತಾಳೆ, ಕಬ್ಬಿಣಗಳೂ ಲೇತಿಗೇರಿದುವು. ವಿಚಿತ್ರವೆಂದರೆ, ಯೂರೋಪಿನಲ್ಲಿ ಈ ವಿದ್ಯೆಯನ್ನು ಮನೆಯಲ್ಲಿಟ್ಟುಕೊಂಡು ಕಲಿತವರಲ್ಲಿ ಮೊದಲಿನವರು ಬಡಗಿಗಳಲ್ಲ, ಬೀಗ ಮಾಡುವವರಲ್ಲ. ಅರಸರು ಮತ್ತು ಶ್ರೀಮಂತರು. ೧೭೦೧ರಲ್ಲಿ ಪ್ಲೂಮಿಯೇ ಎಂಬ ಫ್ರೆಂಚ್ ಸಂನ್ಯಾಸಿಯು ಕಡೆಯುವ ಕಲೆಯನ್ನು ಕುರಿತು ಚಿತ್ರಸಮೇತವಾದ ದೊಡ್ಡ ಗ್ರಂಥವನ್ನು ಅಚ್ಚುಹಾಕಿಸಿದನು. ರಷ್ಯದ ಚಕ್ರವರ್ತಿ ಪೀಟರನು ಅದನ್ನು ತನ್ನ ಭಾಷೆಗೆ ಅನುವಾದ ಮಾಡಿಸಿಕೊಂಡು, ನಾರ್ತೋವ್ ಎಂಬ ಕುಶಲಿಯನ್ನು ಬಳಿಯಲ್ಲಿಟ್ಟುಕೊಂಡು, ಅರಮನೆಯಲ್ಲಿಯೇ ಲೇತಿನ ಮುಂದೆ ಗಂಟೆಗಟ್ಟಲೆ ನಿಲ್ಲುತ್ತಿದ್ದನು. ಇವರಿಗೆ ಅದು ವಿನೋದ. ಅನ್ನಕ್ಕೂ ಆ ಕೆಲಸಕ್ಕೂ ಸಂಬಂಧವಿಲ್ಲದಿದ್ದುದರಿಂದ ಅದರಿಂದ ಲೋಕಕ್ಕಾದ ಲಾಭವೂ ಅಷ್ಟಕ್ಕಷ್ಟೆ.

ಈ ದಿನ ನಾನು ಹೇಳಬೇಕೆಂದಿರುವುದು ಅರಮನೆಯ ಕಥೆಯನ್ನಲ್ಲ, ಸಾಧಾರಣ ವಿದ್ಯಾವಂತನೊಬ್ಬನ ಮನೆಯ ಕಥೆಯನ್ನು.

ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದ ಯಾರ್ಕ್ ಪ್ಲೇಸ್ ಎಂಬ ಬೀದಿಯಲ್ಲಿ ಅಲೆಕ್ಸಾಂಡರ್ ನೇಸ್ಮಿತ್ ಎಂಬ ಚಿತ್ರಕಾರನಿದ್ದನು. ಕವಿ ಬರ್ನ್ಸ್‌ನ ಮುಖವನ್ನು ಇಂದಿಗೂ ಲೋಕವು ಯಾವ ರೂಪದಲ್ಲಿ ನೆನೆಯುವುದೋ ಆ ಪಟವನ್ನು ೧೭೮೭ರಲ್ಲಿ ಬರೆದವನು ಇವನೇ. ಮನೆತುಂಬ ಮಕ್ಕಳು, ಹೆಣ್ಣುಮಕ್ಕಳೂ ತಂದೆಯಿಂದ ಚಿತ್ರಕಲೆಯನ್ನು ಕಲಿತು ಇತರರಿಗೆ ಪಾಠ ಹೇಳುವಷ್ಟು ನುರಿತವರು. ಇಂಥ ಮನೆಯ ಒಂದು ಕೊಠಡಿಯಲ್ಲಿ ಕೆಲಸದ ಮೇಜು, ಬೈಸು, ಅರಗಳು, ಕಾಲಿನಿಂದ ನಡೆಸುವ ಒಳ್ಳೆಯ ಲೇತು ಇದ್ದುವು. ಚಿತ್ರಕಾರನಿಗೆ ಯಂತ್ರಗಳ ಹುಚ್ಚು. ಅವನ ವಿಷಯವಾಗಿ ಮಗನು ಹೇಳಿರುವ ಒಂದು ಪ್ರಸಂಗವು ಸ್ವಾರಸ್ಯವಾಗಿದೆ. ಒಂದು ಭಾನುವಾರ ಎರಡು ಲೋಹದ ತುಂಡುಗಳನ್ನು ರಿವೆಟ್ಟಿನಿಂದ ಸೇರಿಸಬೇಕಾಯಿತು. ಸುತ್ತಿಗೆಯ ಸದ್ದು ಹೊರಟರೆ ಭಾನುವಾರದ ಮೌನವನ್ನು ವ್ರತದಂತೆ ಕಾಯುವ ನೆರೆಹೊರೆಯವರು ಸುಮ್ಮನಿರುವರೆ? ಆತನು ರಿವೆಟ್ಟನ್ನು ಬೈಸಿನ ಬಾಯಿಗೆ ಕೊಟ್ಟು ಅದುಮಿದನು. ಸದ್ದಿಲ್ಲದೆ ಕೆಲಸವಾಯಿತು, ಏಟಿನಿಂದ ಆಗುವುದಕ್ಕಿಂತ ಚೊಕ್ಕಟವಾಗಿಯೇ ಆಯಿತು. ಮಡಿವಂತಿಕೆಯಿಂದ ಹುಟ್ಟಿದ ಯಂತ್ರೋಪಾಯಗಳಲ್ಲಿ ಇದನ್ನೂ ಸೇರಿಸಬಹುದು.

ಈ ಮನೆಯಲ್ಲಿ ೧೮೦೮ರಲ್ಲಿ ಹುಟ್ಟಿದ ಜೇಮ್ಸ್ ನೇಸ್ಮಿತ್ತನು ಓದುಬರಹಕ್ಕಿಂತ ಮುಂಚೆಯೇ ಲೇತನ್ನು ಕಂಡನು. ಶಾಲೆಯಲ್ಲಿ ಲ್ಯಾಟಿನ್ ಪಾಠ ರುಚಿಸಲಿಲ್ಲ. ಆದರೆ ಶಾಲೆಯ ಹುಡುಗರಿಗೆ ಬೇಕಾದ ಬುಗುರಿಗಳನ್ನು ತಂದೆಯ ಲೇತಿನಲ್ಲಿ ಕಡೆದುಕೊಡುವುದರಲ್ಲಿ ಅವನಿಗೆ ಸಮಾನರಿರಲಿಲ್ಲ. ಬುಗುರಿ ಅಲ್ಪ ವಸ್ತುವೆಂದು ತಿಳಿಯಬಾರದು. ಚನ್ನಪಟ್ಟಣದ ಬುಗುರಿಯನ್ನು ಆಡಿಸಿದವರೆಲ್ಲರಿಗೂ ಗೊತ್ತಿರುವಂತೆ, ಮೈ ಒಂದು ಪಕ್ಕಕ್ಕೆ ಕೂದಲೆಳೆಯಷ್ಟು ಭಾರವಾದರೂ ಅದು ನಡುಗುತ್ತದೆ. ಎಲ್ಲ ಕಡೆಯೂ ಸಮನಾಗಿದ್ದರೆ ಮಾತ್ರ ನಿಂತಲ್ಲಿಯೇ ನಿದ್ರೆ ಹೋದಂತೆ ತಿರುಗುತ್ತದೆ. ಕಡೆಯುವವನ ತಪ್ಪನ್ನು ಕ್ಷಣದಲ್ಲಿ ಹೊರಗೆಡಹುವ ಪರೀಕ್ಷಕನು ಬುಗುರಿ. ಆಮೇಲೆ ಅವನು ಹಿತ್ತಾಳೆಯ ಪುಟ್ಟ ಫಿರಂಗಿಗಳನ್ನು ಮಾಡಿದನು. ನೆಲಮಾಳಿಗೆಯ ದೊಡ್ಡ ಬೀಗದಕೈಗಳ ಟೊಳ್ಳು ಕೊಳವೆಗೆ ಸಣ್ಣ ರಂಧ್ರ ಕೊರೆದು ಅವನ್ನೂ ಮದ್ದು ಹಾರಿಸುವ ಆಯುಧಗಳನ್ನಾಗಿ ಮಾಡಿದನು. ಇಂದಿನ ತಂದೆತಾಯಿಗಳು ಇದನ್ನು ಅನುಮೋದಿಸಲಾರರು.

ಶನಿವಾರದ ಮಧ್ಯಾಹ್ನಗಳು ಗೆಳೆಯನೊಬ್ಬನ ತಂದೆಯ ಎರಕದ ಕಾರ್ಖಾನೆಯಲ್ಲಿ ಕಳೆಯುತ್ತಿದ್ದುವು. ಅಲ್ಲಿಯ ಕೆಲಸಗಾರರು ಹುಡುಗನನ್ನು ಓಡಿಸಲಿಲ್ಲ. ಉಕ್ಕನ್ನು ಎಷ್ಟು ಕಾಯಿಸಿ ಯಾವ ಬಣ್ಣ ಬಂದಾಗ ನೀರಿಗದ್ದಬೇಕು, ಮರಳಿನ ಅಚ್ಚನ್ನು ಎಷ್ಟು ಗಟ್ಟಿಯಾಗಿ ತುಂಬಬೇಕು ಎಂಬುದನ್ನು ಅವನು ಅವರ ಕೈಗಳನ್ನು ನೋಡಿ ಕಲಿತನು. ತನ್ನ ನಿಜವಾದ ಶಿಷ್ಯವೃತ್ತಿ ಅದೇ ಎಂದು ಮುದುಕನಾದ ಮೇಲೂ ಹೇಳಿಕೊಂಡನು.

ಇಲ್ಲಿ ಸ್ವಲ್ಪ ನಿಂತು, ಅಂದಿನ ಲೇತಿನಲ್ಲಿ ಲೋಹವನ್ನು ಕಡೆಯುವುದೆಂದರೆ ಏನೆಂಬುದನ್ನು ಹೇಳಬೇಕು. ಕಾಲು ಒಂದೇ ಲಯದಲ್ಲಿ ಮಣೆಯನ್ನು ತುಳಿಯುತ್ತಿರಬೇಕು. ಉಳಿಗೆ ಆಧಾರವಾಗಿ ಒಂದು ಕಬ್ಬಿಣದ ಅಡ್ಡಪಟ್ಟಿಯುಂಟು. ಅದಕ್ಕಿಂತ ಹೆಚ್ಚಿನ ಸಹಾಯವಿಲ್ಲ. ಉಳಿಯ ಹಿಡಿಯನ್ನು ಎರಡು ಕೈಗಳಿಂದಲೂ ಬಿಗಿಹಿಡಿದು, ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟು, ತುದಿಯನ್ನು ಮಾತ್ರ ಕೂದಲೆಳೆಯಷ್ಟು ಮುಂದೂಡಬೇಕು. ಮರವು ತಪ್ಪನ್ನು ಕ್ಷಮಿಸುವುದು, ಲೋಹವು ಕ್ಷಮಿಸದು. ಅದರಲ್ಲಿಯೂ ಒಂದೊಂದು ಲೋಹಕ್ಕೆ ಒಂದೊಂದು ಸ್ವಭಾವ. ಉಕ್ಕಿಗೆ ಉಳಿಯ ಮೇಲ್ಮೈಯನ್ನು ಹಿಂದಕ್ಕೆ ಓರೆಯಾಗಿ ಸಾಣೆ ಹಿಡಿಯಬೇಕು, ಎಣ್ಣೆಯನ್ನು ತೊಟ್ಟಿಕ್ಕುತ್ತಿರಬೇಕು. ಆಗ ಸಿಪ್ಪೆಯು ಸುರುಳಿಸುರುಳಿಯಾಗಿ ಏಳುವುದು. ಅದೇ ಉಳಿಯನ್ನು ಹಿತ್ತಾಳೆಗೆ ತಗುಲಿಸಿದರೆ ಅದು ತಾನಾಗಿಯೇ ಲೋಹದೊಳಕ್ಕೆ ಧುಮುಕಿ ಕಚ್ಚಿಕೊಂಡು ಕೆಲಸವನ್ನೆಲ್ಲ ಕೆಡಿಸಿಬಿಡುವುದು. ಹಿತ್ತಾಳೆಗೆ ಚಪ್ಪಟೆಯ ಮೇಲ್ಮೈಯೇ ಹಿತ. ಬೀಡು ಕಬ್ಬಿಣವು ಸುರುಳಿಯಾಗದೆ ಪುಡಿಪುಡಿಯಾಗಿ ಉದುರುವುದು, ಎಣ್ಣೆಯನ್ನೂ ಬಯಸದು. ದಪ್ಪ ವಸ್ತುವನ್ನು ಮೆಲ್ಲಗೂ ಸಣ್ಣದನ್ನು ಬೇಗನೆಯೂ ತಿರುಗಿಸಬೇಕು. ಉಳಿಯ ತುದಿಯು ತಿರುಗುವ ವಸ್ತುವಿನ ನಡುಮಟ್ಟಕ್ಕೆ ಸರಿಯಾಗಿರಬೇಕು. ಮೇಲಾದರೆ ಕೊರೆಯದೆ ಉಜ್ಜುವುದು, ತೀರ ಕೆಳಗಾದರೆ ವಸ್ತುವು ಉಳಿಯ ಮೇಲೇರಲು ನೋಡುವುದು. ಇವನ್ನೆಲ್ಲ ಪುಸ್ತಕದಲ್ಲಿ ಓದಬಹುದು. ಆದರೆ ಕಚ್ಚುವ ಮುಂಚೆ ಲೋಹದ ಸ್ವರವು ಹೇಗೆ ಬದಲಾಗುವುದೆಂಬುದನ್ನು ಕಿವಿಯೇ ಕಲಿಯಬೇಕು.

ಹದಿನೇಳನೆಯ ವಯಸ್ಸಿನಲ್ಲಿ ಜೇಮ್ಸನು ನಿಜವಾಗಿ ನಡೆಯುವ ಒಂದು ಪುಟ್ಟ ಉಗಿಯಂತ್ರವನ್ನು ಮಾಡಿದನು. ಅದರ ಉದ್ಯೋಗ ತಂದೆಯ ಬಣ್ಣಗಳನ್ನು ಅರೆಯುವುದು. ಎರಕ ಹುಯ್ಯುವ ಕುಲುಮೆ ಅವನ ಮಲಗುವ ಕೋಣೆಯಲ್ಲಿಯೇ ಇದ್ದಿತು. ಕೆಳಗಿನ ಕೋಣೆಯಲ್ಲಿ ತಂದೆಯು ಮಲಗಿರುವನಾದುದರಿಂದ ಅಚ್ಚಿನ ಮರಳನ್ನು ಕುಟ್ಟುವಾಗ ಸದ್ದಾಗದಂತೆ ನೆಲಕ್ಕೆ ದಪ್ಪನೆಯ ಹಾಸನ್ನು ಹಾಸಿಕೊಳ್ಳುತ್ತಿದ್ದನು. ಉಗಿಯಂತ್ರದ ಒಳಗನ್ನು ತೋರಿಸುವ ಸೀಳು ಮಾದರಿಗಳನ್ನು ಮಾಡಿ, ಕಾರ್ಮಿಕರಿಗೆ ವಿಜ್ಞಾನವನ್ನು ಬೋಧಿಸುತ್ತಿದ್ದ ಸಂಸ್ಥೆಗಳಿಗೆ ಮಾರಿದನು. ಬಂದ ಹಣವು ಎಡಿನ್‌ಬರೋ ವಿಶ್ವವಿದ್ಯಾನಿಲಯದ ಉಪನ್ಯಾಸಗಳ ಶುಲ್ಕವಾಯಿತು. ಕೈಯು ಸಂಪಾದಿಸಿ ತಲೆಯನ್ನು ಓದಿಸಿತು. ನಮ್ಮಲ್ಲಿ ಇದರ ಕ್ರಮವು ಬಹುಕಾಲ ಬೇರೆಯಾಗಿಯೇ ಇದ್ದಿತು: ಓದಿದವನು ಉಳಿಯನ್ನು ಮುಟ್ಟುವುದಿಲ್ಲ, ಉಳಿಯನ್ನು ಮುಟ್ಟುವವನನ್ನು ಓದಿಸುವವರಿಲ್ಲ.

ಹೀಗೆಂದು ಹೇಳುವಾಗ ಒಂದು ಎಚ್ಚರಿಕೆಯೂ ಬೇಕು. ನೇಸ್ಮಿತ್ತನ ಆತ್ಮಕಥೆಯು ೧೮೮೩ರಲ್ಲಿ ಸ್ಯಾಮ್ಯುಯಲ್ ಸ್ಮೈಲ್ಸ್‌ನ ಸಂಪಾದಕತ್ವದಲ್ಲಿ ಪ್ರಕಟವಾಯಿತು. ಸ್ವಪ್ರಯತ್ನದಿಂದಲೇ ಮೇಲೆ ಬಂದವರ ಚರಿತ್ರೆಗಳನ್ನು ಬರೆಯುವುದರಲ್ಲಿ ಸ್ಮೈಲ್ಸನು ಪ್ರಸಿದ್ಧನು. ಆತನ ಕಣ್ಣಿಗೆ ಹುಡುಗನ ಶ್ರಮವು ಕಂಡಿತು. ಮನೆಯಲ್ಲಿ ಮೊದಲೇ ಇದ್ದ ಲೇತು, ಗೆಳೆಯನ ತಂದೆಯ ಕುಲುಮೆ, ಕೆಲಸ ಹೇಳಿಕೊಟ್ಟ ಹೆಸರಿಲ್ಲದ ಎರಕದವರು ಅಷ್ಟು ಕಾಣಲಿಲ್ಲ. ಅದೇ ಬೀದಿಯ ಹಿಂದಿನ ಕೇರಿಯಲ್ಲಿ ಅಷ್ಟೇ ಚುರುಕಾದ ಬಡ ಹುಡುಗನೊಬ್ಬನಿದ್ದಿದ್ದರೆ ಅವನಿಗೆ ಬುಗುರಿಯನ್ನು ಕಡೆಯಲು ಲೇತೆಲ್ಲಿ?

೧೮೨೯ರಲ್ಲಿ ಜೇಮ್ಸನು ತಂದೆಯೊಡನೆ ಹಡಗನ್ನೇರಿ ಲಂಡನ್ನಿಗೆ ಹೋದನು. ಅವನ ಗುರಿ ಒಂದೇ: ಲ್ಯಾಂಬೆತ್ ಭಾಗದಲ್ಲಿದ್ದ ಹೆನ್ರಿ ಮಾಡ್ಸ್ಲೆಯ ಕಾರ್ಖಾನೆ. ಮಾಡ್ಸ್ಲೆಯ ಬಾಲ್ಯವು ಚಿತ್ರಕಾರನ ಮನೆಯಲ್ಲಿ ಕಳೆದುದಲ್ಲ. ಹನ್ನೆರಡನೆಯ ವಯಸ್ಸಿಗೆ ವುಲಿಚ್ಚಿನ ಸರ್ಕಾರಿ ಶಸ್ತ್ರಾಗಾರದಲ್ಲಿ ತೋಟಾಗಳಿಗೆ ಮದ್ದು ತುಂಬುವ ಕೆಲಸಕ್ಕೆ ಸೇರಿದವನು, ಬಳಿಕ ಕಮ್ಮಾರಸಾಲೆ, ಹದಿನೆಂಟಕ್ಕೆ ಬ್ರಾಮಾ ಎಂಬ ಬೀಗದ ಯಂತ್ರಗಾರನ ಬಳಿ ನೌಕರಿ. ಅಲ್ಲಿ ವಾರಕ್ಕೆ ಮೂವತ್ತು ಷಿಲಿಂಗಿಗಿಂತ ಹೆಚ್ಚು ಕೊಡಲೊಪ್ಪದಿರಲು ೧೭೯೭ರಲ್ಲಿ ಹೊರಬಿದ್ದು ಸ್ವಂತ ಅಂಗಡಿಯನ್ನಿಟ್ಟನು.

ಲೇತಿನ ಚರಿತ್ರೆಯಲ್ಲಿ ಈತನ ಹೆಸರು ನಿಂತಿರುವುದು ಸ್ಲೈಡ್ ರೆಸ್ಟ್ ಎಂಬ ಜಾರುಪೀಠದಿಂದ. ಉಳಿಯನ್ನು ಕೈಯಲ್ಲಿ ಹಿಡಿಯುವುದರ ಬದಲು ಕಬ್ಬಿಣದ ಪೀಠವೊಂದಕ್ಕೆ ಬಿಗಿದು, ಆ ಪೀಠವನ್ನು ತಿರುಪಿನ ಮೂಲಕ ಮುಂದಕ್ಕೂ ಪಕ್ಕಕ್ಕೂ ಸರಿಸುವುದೇ ಅದರ ತತ್ತ್ವ. ಇದನ್ನು ಮಾಡ್ಸ್ಲೆಯೊಬ್ಬನೇ ಕಂಡುಹಿಡಿದನೆಂದು ಶಾಲಾಪುಸ್ತಕಗಳು ಹೇಳುವುದುಂಟು, ಅದು ಸರಿಯಲ್ಲ. ನಾರ್ತೋವನ ಯಂತ್ರಗಳಲ್ಲಿಯೂ ಫ್ರಾನ್ಸಿನ ವೋಕಾನ್ಸನನ ಲೇತಿನಲ್ಲಿಯೂ ಉಳಿಯನ್ನು ಹಿಡಿಯುವ ಪೀಠವಿದ್ದಿತು. ಮಾಡ್ಸ್ಲೆಯು ಮಾಡಿದುದು, ಜಾರುಪೀಠ, ಅದನ್ನು ಎಳೆಯುವ ಉದ್ದನೆಯ ತಿರುಪು, ವೇಗವನ್ನು ಬದಲಿಸುವ ಹಲ್ಲುಚಕ್ರಗಳು, ಈ ಮೂರನ್ನೂ ಸೇರಿಸಿ ಪೂರ್ತಿ ಲೋಹದಿಂದಲೇ ನಿಖರವಾದ ಯಂತ್ರವನ್ನು ಕಟ್ಟಿದುದು. ೧೮೦೦ರ ಸುಮಾರಿಗೆ ಅವನು ಮಾಡಿದ ಲೇತೊಂದನ್ನು ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿಟ್ಟಿರುವರು. ಮೇಜಿನ ಮೇಲಿಡಬಹುದಾದಷ್ಟು ಚಿಕ್ಕದು.

ಇಲ್ಲಿ ಬುದ್ಧಿಯನ್ನು ಕಾಡುವ ಒಂದು ಪ್ರಶ್ನೆಯುಂಟು. ನಿಖರವಾದ ತಿರುಪನ್ನು ಕೊರೆಯಲು ನಿಖರವಾದ ತಿರುಪಿರುವ ಲೇತು ಬೇಕು. ಹಾಗಾದರೆ ಮೊದಲನೆಯ ತಿರುಪು ಎಲ್ಲಿಂದ ಬಂದಿತು? ಬೀಜವೃಕ್ಷನ್ಯಾಯವೇ ಸರಿ. ಮಾಡ್ಸ್ಲೆಯು ಮೆತ್ತಗಿನ ವಸ್ತುವಿನ ಉರುಳೆಯೊಂದರ ಮೇಲೆ ಚೂಪಾದ ಅಲಗನ್ನು ಬೇಕಾದ ಓರೆಯಲ್ಲಿ ಒತ್ತಿಹಿಡಿದು ಉರುಳೆಯನ್ನು ತಿರುಗಿಸಿದನು. ಅಲಗು ತಾನೇ ಸುತ್ತುಸುತ್ತಾಗಿ ದಾರಿಯನ್ನು ಕೊರೆದುಕೊಂಡು ಹೋಯಿತು. ಹಾಗೆ ದೊರೆತ ಒರಟು ತಿರುಪಿನಿಂದ ಅದಕ್ಕಿಂತ ಮೇಲಾದುದು, ಅದರ ದೋಷಗಳನ್ನಳೆದು ತಿದ್ದಿ ಇನ್ನೂ ಮೇಲಾದುದು, ಹೀಗೆ ಪರಂಪರೆ ಬೆಳೆಯಿತು. ಕೊನೆಗೆ ಖಗೋಳದ ಉಪಕರಣಗಳ ಮೇಲೆ ಗೆರೆಗಳನ್ನು ಹಾಕುವುದಕ್ಕಾಗಿ ಅವನು ಐದು ಅಡಿ ಉದ್ದದ, ಎರಡು ಅಂಗುಲ ವ್ಯಾಸದ ತಿರುಪನ್ನು ಮಾಡಿದನು. ಅಂಗುಲಕ್ಕೆ ಐವತ್ತು ಸುತ್ತು. ಅದರ ನಟ್ಟೇ ಒಂದು ಅಡಿ ಉದ್ದ. ಒಳಗೆ ೬೦೦ ಸುತ್ತು. ಅಷ್ಟು ಉದ್ದದ ನಟ್ಟಿನಲ್ಲಿ ಒಂದು ಸುತ್ತಿನ ತಪ್ಪನ್ನು ಉಳಿದ ಸುತ್ತುಗಳು ನುಂಗಿಕೊಳ್ಳುವುದರಿಂದ ಚಲನೆಯು ತಿರುಪಿಗಿಂತಲೂ ಸಮವಾಗುವುದು.

ಇಂಥವನ ಮುಂದೆ ತಂದೆಮಕ್ಕಳು ನಿಂತರು. ಹಣ ಕೊಟ್ಟು ಕಲಿಯಲು ಬರುವ ಶ್ರೀಮಂತರ ಮಕ್ಕಳಿಂದ ತನಗೆ ಸಾಕಾಗಿದೆ, ಇನ್ನು ಶಿಷ್ಯರನ್ನು ತೆಗೆದುಕೊಳ್ಳುವುದಿಲ್ಲವೆಂದು ಮಾಡ್ಸ್ಲೆಯು ಮರ್ಯಾದೆಯಿಂದಲೇ ಹೇಳಿಬಿಟ್ಟನು. ಆದರೂ ಕಾರ್ಖಾನೆಯನ್ನು ತೋರಿಸಲು ಕರೆದುಕೊಂಡು ಹೋದನು. ಒಬ್ಬನು ಕುಲುಮೆಯ ಕೆಳಗಿನ ಬೂದಿಯನ್ನು ತೆಗೆಯುತ್ತಿದ್ದುದನ್ನು ಕಂಡು ಜೇಮ್ಸನು, ಆ ಬೂದಿ ತೆಗೆಯುವ ಕೆಲಸವನ್ನಾದರೂ ಕೊಟ್ಟರೆ ಸಂತೋಷದಿಂದ ಮಾಡುವೆನೆಂದನು. ಮಾಡ್ಸ್ಲೆಯು ತಿರುಗಿ ನೋಡಿದನು. ತಾನು ತಂದಿರುವ ಮಾದರಿ ಯಂತ್ರವನ್ನೂ ನಕ್ಷೆಗಳನ್ನೂ ನೋಡಬಹುದೆ ಎಂದು ಹುಡುಗನು ಕೇಳಿದನು. ಮಾರನೆಯ ಸಲ ಅವನ್ನು ಪರೀಕ್ಷಿಸಿದ ಮೇಲೆ ಶಿಷ್ಯವೃತ್ತಿಯ ಮಾತೇ ಬರಲಿಲ್ಲ. ಮಾಡ್ಸ್ಲೆಯು ತನ್ನ ಖಾಸಾ ಕೆಲಸದ ಕೋಣೆಯಲ್ಲಿ ಸಹಾಯಕನಾಗಿರಲು ಅವನನ್ನು ಕರೆದನು. ವಾರಕ್ಕೆ ಹತ್ತು ಷಿಲಿಂಗು ಸಾಕೆಂದು ಜೇಮ್ಸನೇ ಹೇಳಿ, ಅಷ್ಟರಲ್ಲಿಯೇ ಬದುಕುವುದಕ್ಕಾಗಿ ಕಡಿಮೆ ಖರ್ಚಿನಲ್ಲಿ ತಾನಾಗಿಯೇ ಬೇಯುವ ಒಂದು ಅಡಿಗೆಯ ಪಾತ್ರೆಯನ್ನೂ ರೂಪಿಸಿಕೊಂಡನು.

ಮೊದಲ ಕೆಲಸವೇ ಅವನು ಮನೆಯಲ್ಲಿ ಕಲಿತುದನ್ನು ಪರೀಕ್ಷಿಸಿತು. ೨೦೦ ಅಶ್ವಶಕ್ತಿಯ ಹಡಗಿನ ಯಂತ್ರವೊಂದರ ಸಣ್ಣ ಮಾದರಿಗೆ ನೂರಾರು ಪುಟಾಣಿ ಬೋಲ್ಟು ನಟ್ಟುಗಳು ಬೇಕಾಗಿದ್ದುವು. ಒಂದೊಂದರ ಆರು ಮುಖಗಳನ್ನೂ ಅರದಿಂದ ಉಜ್ಜಿ ಸಮಮಾಡಬೇಕು. ಅವನು ಚಕ್ರಾಕಾರದ ಕೊರೆಯುವ ಹಲ್ಲನ್ನು ಲೇತಿಗೆ ಏರಿಸಿ, ನಟ್ಟನ್ನು ಜಾರುಪೀಠದ ಮೇಲೆ ಕೂರಿಸಿ, ಒಂದೊಂದು ಮುಖವಾದ ಮೇಲೆ ವೃತ್ತದ ಆರನೆಯ ಒಂದು ಪಾಲು ತಿರುಗಿಸುವ ಏರ್ಪಾಡನ್ನು ಮಾಡಿದನು. ಅಂದರೆ ಉಳಿ ನಿಲ್ಲುವ ಕಡೆ ವಸ್ತು, ವಸ್ತು ತಿರುಗುವ ಕಡೆ ಉಳಿ. ಲೇತನ್ನು ಹೀಗೆ ತಲೆಕೆಳಗು ಮಾಡಿ ನೋಡಲು, ಅದನ್ನು ಬಾಲ್ಯದಿಂದ ಆಟದ ಸಾಮಾನಿನಂತೆ ಬಳಸಿದವನಿಗೇ ತೋಚಬೇಕು.

೧೮೩೧ರಲ್ಲಿ ಮಾಡ್ಸ್ಲೆಯು ತೀರಿಕೊಂಡನು. ೧೮೩೬ರಲ್ಲಿ ನೇಸ್ಮಿತ್ತನು ಮ್ಯಾಂಚೆಸ್ಟರಿನ ಬಳಿಯ ಪ್ಯಾಟ್ರಿಕ್ರಾಫ್ಟಿನಲ್ಲಿ ಯಂತ್ರೋಪಕರಣಗಳ ಕಾರ್ಖಾನೆಯನ್ನು ತೆರೆದನು. ಮುಂದೆ ಉಗಿಸುತ್ತಿಗೆಯಿಂದ ಬಂದ ಕೀರ್ತಿಯು ಎಲ್ಲರಿಗೂ ತಿಳಿದುದೇ. ನನಗೆ ಹೆಚ್ಚು ಮುಖ್ಯವೆಂದು ತೋರುವುದು ಬೇರೊಂದು ಸಂಗತಿ. ಏಳು ವರ್ಷಗಳ ಕ್ರಮಬದ್ಧವಾದ ಶಿಷ್ಯವೃತ್ತಿಯನ್ನು ಮುಗಿಸದವರನ್ನು ಕೆಲಸಕ್ಕೆ ತೆಗೆದುಕೊಳ್ಳಬಾರದೆಂದು ಕೆಲಸಗಾರರ ಸಂಘವು ಹಟ ಹಿಡಿಯಿತು, ಮುಷ್ಕರವಾಯಿತು. ನೇಸ್ಮಿತ್ತನು ಮಣಿಯದೆ ಸ್ಕಾಟ್ಲೆಂಡಿನಿಂದ ಬೇರೆ ಕೆಲಸಗಾರರನ್ನು ಕರೆಸಿಕೊಂಡನು. ಸಾಮರ್ಥ್ಯವಿದ್ದವನಿಗೆ ವರ್ಷಗಳ ಲೆಕ್ಕವೇಕೆ ಎಂಬುದು ಅವನ ವಾದ. ಅವನೇ ಏಳು ವರ್ಷದ ಶಿಷ್ಯವೃತ್ತಿಯನ್ನು ಮಾಡಿದವನಲ್ಲವಾದುದರಿಂದ ಈ ವಾದವು ಸಹಜ. ಆದರೆ ವಿಷಯವು ಅಲ್ಲಿಗೆ ನಿಲ್ಲಲಿಲ್ಲ. ತಾನಾಗಿಯೇ ನಡೆಯುವ ಯಂತ್ರಗಳಿದ್ದರೆ ಕುಶಲಿಗಳ ಸಂಖ್ಯೆಯನ್ನು ಇಳಿಸಿ, ಹುಡುಗರನ್ನೂ ಕೂಲಿಯವರನ್ನೂ ಇಟ್ಟು ಕೆಲಸ ಸಾಗಿಸಬಹುದೆಂದು ಅವನು ೧೮೬೮ರಲ್ಲಿ ರಾಜಕೀಯ ವಿಚಾರಣಾ ಮಂಡಲಿಯ ಮುಂದೆ ಮುಚ್ಚುಮರೆಯಿಲ್ಲದೆ ಹೇಳಿದನು. ಕೈಯಿಂದಲೇ ಎಲ್ಲವನ್ನೂ ಕಲಿತವನು, ಕೈಬಲ್ಲವರ ಅಗತ್ಯವಿಲ್ಲದಂತೆ ಮಾಡುವ ಯಂತ್ರಗಳನ್ನು ಮಾರಿ ಐಶ್ವರ್ಯವಂತನಾದನು. ಸಂಘದವರ ಭಯವು ನಿರಾಧಾರವಾಗಿರಲಿಲ್ಲ. ಏಳು ವರ್ಷವೆಂಬ ಬೇಲಿಯನ್ನು ಕಿತ್ತರೆ ಒಳಕ್ಕೆ ಬರುವವನು ಚಿತ್ರಕಾರನ ಮಗನೊಬ್ಬನೇ ಅಲ್ಲ, ಅರ್ಧ ಕೂಲಿಯ ಹುಡುಗನೂ ಬರುವನೆಂದು ಅವರು ಬಲ್ಲರು.

ಅದೇ ಜಾರುಪೀಠವು ಮನೆಯ ಲೇತಿಗೆ ಬಂದಾಗ ಮಾತ್ರ ಅದರ ಗುಣವೇ ಬೇರೆಯಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಲಂಡನ್ನಿನ ಹೋಲ್ಟ್ಸಾಫೆಲ್ ಸಂಸ್ಥೆಯವರ ಸೊಗಸಾದ ಲೇತುಗಳನ್ನು ಕೊಳ್ಳಲು ಜಮೀನುದಾರರಿಗೇ ಸಾಧ್ಯವಾಗುತ್ತಿದ್ದಿತು. ನೇಸ್ಮಿತ್ತನು ೧೮೯೦ರಲ್ಲಿ ತೀರಿಕೊಂಡನು. ಅನಂತರ ಎಂಟು ವರ್ಷಕ್ಕೆ, ೧೮೯೮ರಲ್ಲಿ, ಪರ್ಸಿವಲ್ ಮಾರ್ಷಲನು ಲಂಡನ್ನಿನಲ್ಲಿ ಮಾಡಲ್ ಎಂಜಿನಿಯರ್ ಎಂಬ ಪತ್ರಿಕೆಯನ್ನು ಹೊರಡಿಸಿದನು. ಗುಮಾಸ್ತರು, ಉಪಾಧ್ಯಾಯರು, ಅಂಗಡಿಯವರು ಅದರ ಓದುಗರಾದರು. ಗಿಲ್ಡ್‌ಫರ್ಡಿನ ಡ್ರಮ್ಮಂಡ್ ಸಹೋದರರೂ, ಅವರ ಬಳಿಕ ನಾಟಿಂಗ್‌ಹ್ಯಾಮಿನ ಹತ್ತಿರದ ಮೈಫರ್ಡ್ ಸಂಸ್ಥೆಯವರೂ ಹಿತ್ತಲಿನ ಕೊಟ್ಟಿಗೆಯಲ್ಲಿ ಹಿಡಿಸುವ ಲೇತುಗಳನ್ನು ಮಾಡಿದರು. ೧೯೪೬ರಲ್ಲಿ ಹೊರಬಂದ ಮೈಫರ್ಡಿನ ಲೇತಿನಲ್ಲಿ ಇಪ್ಪತ್ತು ಅಂಗುಲದವರೆಗಿನ ವಸ್ತುವನ್ನು ಎರಡು ಮೊನೆಗಳ ನಡುವೆ ಕೂರಿಸಬಹುದಾಗಿದ್ದಿತು. ಕಾರ್ಖಾನೆಯಲ್ಲಿ ಕುಶಲಿಯನ್ನು ಹೊರಗಟ್ಟಿದ ಪೀಠವು ಇಲ್ಲಿ ಹೊರಗಿನವನನ್ನು ಒಳಕ್ಕೆ ಕರೆಯಿತು. ಹಗಲೆಲ್ಲ ಲೆಕ್ಕ ಬರೆದವನು ಸಂಜೆ ಉಕ್ಕನ್ನು ಅಂಗುಲದ ಸಾವಿರದ ಒಂದು ಪಾಲಿನ ಅಳತೆಗೆ ತರಬಲ್ಲವನಾದನು.

ನಮ್ಮ ಸೀಮೆಯಲ್ಲಿ ಕಾರ್ಖಾನೆಯ ಲೇತು ಬಂದಷ್ಟು ಸುಲಭವಾಗಿ ಮನೆಯ ಲೇತು ಬರಲಿಲ್ಲ. ೧೯೪೧ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಸಂಸ್ಥೆಯು ಸ್ಥಾಪಿತವಾಗಿ ಲೇತುಗಳನ್ನು ತಯಾರಿಸಿತು. ೧೯೫೩ರಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಮೆಷಿನ್ ಟೂಲ್ಸ್ ಆರಂಭವಾಯಿತು. ಅವು ಕಾರ್ಖಾನೆಗಳಿಗಾಗಿಯೇ ಮಾಡಿದ ಭಾರಿ ಯಂತ್ರಗಳು. ಮನೆಯಲ್ಲಿಯೇ ಲೇತನ್ನಿಟ್ಟುಕೊಂಡು ತಂದೆಯಿಂದ ಮಗನು ಕಲಿಯುವುದು ಚನ್ನಪಟ್ಟಣದ ಬೊಂಬೆಯವರಲ್ಲಿ ಉಂಟು; ಆಲೆಮರದ ತುಂಡು ತಿರುಗುವಾಗ ಅರಗಿನ ಕಡ್ಡಿಯನ್ನು ಒತ್ತಿಹಿಡಿದು, ತಿಕ್ಕಾಟದ ಬಿಸಿಗೇ ಬಣ್ಣವನ್ನು ಕರಗಿಸುವರು. ಅಲ್ಲಿ ಉಳಿಯು ಕೈಯಲ್ಲಿದೆ.

ಲೋಹದ ಲೇತನ್ನು ಮನೆಗೆ ತಂದವನು ಮೊದಲು ಮಾಡಬೇಕಾದ ಒಂದು ಕೆಲಸವನ್ನು ಹೇಳಿ ಮುಗಿಸುತ್ತೇನೆ. ಗೇಣುದ್ದದ ಒಂದು ದಪ್ಪ ಸರಳನ್ನು ಒಂದೇ ಕಡೆ ಬಿಗಿಯಾಗಿ ಹಿಡಿಸಿ, ನಡುಭಾಗವನ್ನು ತಗ್ಗಿಸಿ, ಎರಡು ತುದಿಗಳಲ್ಲಿಯೂ ಒಂದೊಂದು ಬಳೆಯಷ್ಟು ಉಬ್ಬನ್ನು ಉಳಿಸಬೇಕು. ಉಳಿಯನ್ನು ಅಲುಗಿಸದೆ ಎರಡು ಉಬ್ಬುಗಳ ಮೇಲೂ ಒಂದೇ ಸಲ ತೆಳುವಾಗಿ ಹಾಯಿಸಿ, ಎರಡರ ವ್ಯಾಸವನ್ನೂ ಮೈಕ್ರೋಮೀಟರಿನಿಂದ ಅಳೆಯಬೇಕು. ಸಮನಾಗಿದ್ದರೆ ಸರಿ. ಇಲ್ಲದಿದ್ದರೆ ಯಂತ್ರವನ್ನು ಮಾಡಿದವರನ್ನು ಬಯ್ಯುವ ಮುಂಚೆ ಅದನ್ನಿಟ್ಟಿರುವ ಮೇಜನ್ನು ನೋಡಬೇಕು. ಅಷ್ಟು ಗಟ್ಟಿಯಾದ ಬೀಡಿನ ಮೈಯೂ ಸೊಟ್ಟ ಮೇಜಿಗೆ ಬೋಲ್ಟು ಬಿಗಿದೊಡನೆ ಕಣ್ಣಿಗೆ ಕಾಣದಷ್ಟು ತಿರುಚಿಕೊಳ್ಳುವುದು. ಬೋಲ್ಟನ್ನು ಸಡಿಲಿಸಿ, ಒಂದು ಕಾಲಿನ ಕೆಳಗೆ ತೆಳುವಾದ ತಗಡನ್ನು ಸೇರಿಸಿ, ಮತ್ತೆ ಬಿಗಿದು, ಮತ್ತೊಮ್ಮೆ ಉಳಿಯನ್ನು ಹಾಯಿಸಿ ಅಳೆಯಬೇಕು. ಎರಡು ಉಬ್ಬುಗಳೂ ಒಂದೇ ಅಳತೆಗೆ ಬರುವ ಹೊತ್ತಿಗೆ ಒಂದು ಸಂಜೆ ಕಳೆದಿರುತ್ತದೆ.